ಒಂಟಿಕಿವಿಯ ಹೆಡ್‌ಫೋನು

ನಾನು ಒಂದು ಹೆಡ್‌ಫೋನು. ಎರಡು ಬಟ್ಟಲು, ನಡುವೆ ಒಂದು ಕಮಾನು, ಹಿಂದೆ ಮಾರುದ್ದದ ಬಾಲ. ಕಾರ್ಖಾನೆಯಲ್ಲಿ ಕೂದಲಿಗಿಂತ ಸಣ್ಣ ತಂತಿಯನ್ನು ಸುತ್ತಿ ಸುತ್ತಿ ನನ್ನ ಹೊಟ್ಟೆಯೊಳಗಿಟ್ಟರು. ಸುತ್ತು ಹೆಚ್ಚು, ಹಾಗಾಗಿ ಹಸಿವೂ ಹೆಚ್ಚು. ತಕ್ಕ ಆಂಪ್ಲಿಫೈಯರ್ ಸಿಕ್ಕರೆ ಹಾಡುತ್ತೇನೆ. ಕಡಿಮೆಯಾದರೆ ನರಳುತ್ತೇನೆ, ಮಿತಿಮೀರಿದರೆ ಸುಡುತ್ತೇನೆ. ಇದನ್ನು ತಿಳಿಯದವರ ಕೈಯಲ್ಲೇ ಬಹಳ ಅಲೆದೆ.

ಮೊದಲ ಮನೆ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಕೋಣೆ. ಅಲ್ಲಿ ನನಗೆ ಒಪ್ಪುವ ಆಂಪ್ಲಿಫೈಯರ್ ಜೋಡಿ ಇತ್ತು. ಹಾಡುವವರು ಉಸಿರೆಳೆದದ್ದೂ ನನ್ನಲ್ಲಿ ಕೇಳುತ್ತಿತ್ತು. ಆ ಕೋಣೆ ಮುಚ್ಚಿತು. ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು ನನ್ನನ್ನು ಮೊಬೈಲಿಗೆ ಸಿಕ್ಕಿಸಿದಳು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! "ಯವ್ವಾ, ಇದು ಸತ್ತೇ ಹೋಗೇತಿ" ಎಂದು ಹಳೇ ಸಾಮಾನಿನ ಅಂಗಡಿಗೆ ಹಾಕಿದಳು. ಸತ್ತಿರಲಿಲ್ಲ, ಹಸಿದಿದ್ದೆ. ಯಾರಿಗೆ ಹೇಳಲಿ?

ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಗದಗಿನ ಮೈಕ್‌ಸೆಟ್ ಫಕೀರಪ್ಪ. ಅವನ ಅಕ್ಕ ಗುರವ್ವ ಮಠದ ಸೋಮವಾರದ ಭಜನೆಯಲ್ಲಿ ಮೊದಲ ಸೊಲ್ಲು ಎತ್ತುವವಳು. ವಯಸ್ಸಾಗಿ ಎಡಗಿವಿ ಪೂರ್ತಿ ಮುಚ್ಚಿತ್ತು, ಬಲಗಿವಿ ಮಂದವಾಗಿತ್ತು. ಹಾರ್ಮೋನಿಯಂ ಪೇಟಿಯ ಶ್ರುತಿ ಕೇಳದೆ ಎರಡು ವಾರ ಸೊಲ್ಲು ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಪೇಟಿಯ ಮುಂದಿನ ಆ ಜಾಗ ಹಿಂದೆ ತಾಳ ಹಿಡಿಯುವ ಚಂಬವ್ವನಿಗೆ ಎಂದು ಮೇಳದವರು ಮಾತಾಡಿಕೊಂಡಿದ್ದರು. ಗುರವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಅವಳಿಗೆ ಶ್ರುತಿ ಕೇಳಿಸಲೆಂದು ತಂದ ನನ್ನನ್ನು ಫಕೀರಪ್ಪನೂ ಮೊದಲು ಮೊಬೈಲಿಗೇ ಹಚ್ಚಿದ. ಧ್ವನಿ ಸಣ್ಣ. ಮೈಕ್‌ಸೆಟ್‌ನವರಿಗೆ ಗೊತ್ತಿರುವ ಮದ್ದು ಒಂದೇ, ವ್ಯಾಟ್ ಏರಿಸು! ನನ್ನ ಬಾಲದ ತುದಿ ಕತ್ತರಿಸಿ, ಎಡಗಡೆಯ ತಂತಿಯನ್ನು ಮದುವೆ ಹಾರ್ನಿನ ದೊಡ್ಡ ಆಂಪ್ಲಿಫೈಯರಿಗೆ ಹೊಸೆದ. ನಾನು ಒಮ್ಮೆ ಚೀರಿದೆ. ಆಮೇಲೆ ಸುಟ್ಟ ವಾಸನೆ.

"ಕೇಳಸು ಅಂದರ ಸುಟ್ಟೇ ಬಿಟ್ಟೀಯೇನೋ, ತಮ್ಮಾ?"

"ತಪ್ಪಾತಕ್ಕಾ, ಹಾರ್ನಿನ ಲೆಕ್ಕ ಹಿಡಿದೆ."

"ನಿನ್ನ ಮಿಕ್ಸರಿಗೆ ಹೆಡ್‌ಫೋನಿಗಂತನ ಒಂದು ತೂತು ಐತಲ್ಲ, ಅದನ್ನ ಇಲಿಗೆ ಬಿಟ್ಟೀಯೇನು?"

ಫಕೀರಪ್ಪ ನಾಲಿಗೆ ಕಚ್ಚಿಕೊಂಡ. ಹಾರ್ನು ಒದರುವಾಗ ಆ ತೂತು ಅವನಿಗೆ ಎಂದೂ ಬೇಕಾಗಿರಲಿಲ್ಲ. ನನ್ನ ಬಾಲಕ್ಕೆ ಹೊಸ ಪಿನ್ನು ಬೆಸೆದು ಅಲ್ಲಿ ಸಿಕ್ಕಿಸಿದ. ಮೊದಲು ಹಚ್ಚಿದ ಹಳೇ ಮೈಕು ಬರೀ ಗೊರಗೊರ ಅಂದಿತು. ಬಾವಿಯೇ ರಾಡಿಯಾದರೆ ಕೊಡ ಏನು ಮಾಡೀತು? ಒಳ್ಳೆಯ ಮೈಕು ತಂದಾಗ, ಎಷ್ಟೋ ಕಾಲದ ಮೇಲೆ ನನ್ನ ಹೊಟ್ಟೆ ತುಂಬಿತು. ಬಲಗಡೆ ಒಂದೇ, ಆದರೂ ತುಂಬಿತು.

ಸೋಮವಾರ ಆ ಮೈಕನ್ನು ಪೇಟಿಯ ಪಕ್ಕ ಇಟ್ಟರು. ಗುರವ್ವ ಸೆರಗಿನ ಮೇಲೆಯೇ ನನ್ನನ್ನು ಹಾಕಿಕೊಂಡಳು. ಪೇಟಿಯ ಸ್ವರ ನನ್ನೊಳಗೆ ಬಂತು. ಅದರ ಜೊತೆಗೆ ಹಿಂದೆ ಕುಳಿತ ಚಂಬವ್ವನ ಪಿಸುಮಾತೂ ಬಂತು:

"ಹೆಲ್ಮೆಟ್ ಹಾಕ್ಕೊಂಡು ಬಂದಾಳ ನೋಡು. ಸೊಲ್ಲು ಎತ್ತತಾಳೋ, ಗಾಡಿ ಹೊಡಿತಾಳೋ?"

ಗುರವ್ವ ಹಿಂದೆ ತಿರುಗಲೇ ಇಲ್ಲ. "ಗಾಡಿನೂ ಹೊಡಿತೀನಿ, ಚಂಬವ್ವಾ. ನೀ ಹಿಂದ ಗಟ್ಟಿ ಹಿಡಕೊಂಡು ಕುಂದರು."

ಮೇಳವೆಲ್ಲ ಗೊಳ್ಳೆಂದಿತು. ಆ ನಗು ಅಡಗುವುದರೊಳಗೆ ಗುರವ್ವ ಸೊಲ್ಲು ಎತ್ತಿದಳು. ಪೇಟಿಯ ಸ್ವರದ ಮೇಲೆ ಕೂದಲೆಳೆಯೂ ಸರಿಯದೆ ನಿಂತಿತು. ತಾಳ ಹಿಡಿದ ಚಂಬವ್ವ ಹಿಂದಿನಿಂದ ಕೂಡಿಕೊಂಡಳು.

ಈಗ ನನ್ನ ಮೆತ್ತೆ ಹರಿದಿದೆ, ಕಮಾನಿಗೆ ಬಟ್ಟೆ ಸುತ್ತಿದ್ದಾರೆ. ಮಠದ ಗೂಟದಲ್ಲಿ ತಾಳಗಳ ಜೊತೆ ತೂಗುತ್ತೇನೆ. ಸುಟ್ಟ ನನ್ನ ಎಡಗಡೆ ಗುರವ್ವನ ಮುಚ್ಚಿದ ಕಿವಿಯ ಮೇಲೆಯೇ ಕೂರುತ್ತದೆ. ಇಬ್ಬರಿಗೂ ಅಲ್ಲಿ ಏನೂ ನಷ್ಟವಿಲ್ಲ. ಇಷ್ಟು ಈಡುಜೋಡು ಹುಬ್ಬಳ್ಳಿಯಲ್ಲೂ ಕಂಡಿರಲಿಲ್ಲ. ಆದರೂ ಮಂಗಳವಾರ ಬಂದರೆ ಸಾಕು, ಮುಂದಿನ ಸೋಮವಾರದವರೆಗೆ ಉಪವಾಸವೆಂದು ಗೂಟದ ಮೇಲೆ ಚಡಪಡಿಕೆ ಶುರುವಾಗುತ್ತದೆ.