ರೇಡಿಯೇಟರ್ ಮುಚ್ಚಳ

"ಬಿಸಿ ಇದ್ದಾಗ ಯಾರಾದ್ರೂ ಮುಚ್ಚಳ ತೆಗೀತಾರಾ ಸಾರ್?"

"ಯಾರು ತೆಗೀತಾರೆ?" ಎಂದು ಮಾಲತೇಶ್ ಮಣಿಕಟ್ಟಿನ ಸುಟ್ಟ ಗುರುತಿನ ಮೇಲೆ ಅಂಗಿಯ ತೋಳನ್ನು ಎಳೆದುಕೊಂಡ.

ಮೆಕ್ಯಾನಿಕ್ ಅಮೀರ್ ಜಾನ್ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಹಳೆಯ ಕಾರು. ಎಂಜಿನ್ ತಂಪಿಡಲು ತುಂಬಿಸಿದ ಕೂಲೆಂಟ್ ನೀರು ದಿನದಿನಕ್ಕೂ ಇಳಿಯುತ್ತಿದೆ, ಎಲ್ಲಿಗೆ ಹೋಗುತ್ತದೋ ತಿಳಿಯದು. ರೇಡಿಯೇಟರ್ ಸೋರುತ್ತಿಲ್ಲ, ಪೈಪುಗಳು ಗಟ್ಟಿಯಾಗಿವೆ. ಪಂಪು ಹಚ್ಚಿ ಒತ್ತಡ ಕೊಟ್ಟು ಕಾದರೂ ಮೀಟರಿನ ಮುಳ್ಳು ಅಲ್ಲಾಡಲಿಲ್ಲ.

"ಹೊರಗೆ ಸೋರ್ತಿಲ್ಲ ಅಂದ್ರೆ ಒಳಗೇ ಕುಡೀತೈತೆ. ಎಂಜಿನ್ ತಲೆ ಕೆಳಗಿನ ಪಟ್ಟಿ, ಹೆಡ್ ಗ್ಯಾಸ್ಕೆಟ್, ಹರಿದುಹೋಗಿರ್ಬೇಕು. ಎಂಜಿನ್ ಬಿಚ್ಚಿ ನೋಡ್ಬೇಕು. ಸಂಜೆ ಆಗ್ತೈತೆ."

ನೀರು ಎಲ್ಲಿಗೆ ಹೋಗುತ್ತದೆಂದು ಮಾಲತೇಶನಿಗೆ ಗೊತ್ತಿತ್ತು. ದಿನಾ ಸಂಜೆ ನಿಟ್ಟುವಳ್ಳಿಯ ಮನೆ ಮುಂದೆ ಕಾರು ನಿಲ್ಲಿಸಿ ಹೆಂಡತಿ ಮೀನಾಕ್ಷಿ ಮುಖ ತೊಳೆಯಲು ಒಳಗೆ ಹೋದ ಕೂಡಲೇ ಅವನು ಹಳೆಯ ಟವೆಲ್ ಹಿಡಿದು ಹೊರಗೆ ಬರುತ್ತಿದ್ದ. ಹರಿಹರದ ಶಾಲೆಯಿಂದ ಅವಳು ನೇರ ಬಂದಿದ್ದರೆ ಎಂಜಿನ್ನಿನ ನೀರು ಕುದಿಯುತ್ತಿರಬೇಕು. ಅವಳ ಕಾರಿನಲ್ಲೇ ಹೋಗಿಬರುವ ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ವೀರೇಶನನ್ನು ಶಾಮನೂರಿನಲ್ಲಿ ಇಳಿಸಿ, ಅವನ ಮನೆಯಲ್ಲಿ ಕೂತೆದ್ದು ಬಂದಿದ್ದರೆ ಆರಿರಬೇಕು. ಬಾನೆಟ್ ಮುಟ್ಟಿದರೆ ಸಾಲದು, ದಾವಣಗೆರೆಯ ಬಿಸಿಲಿಗೆ ಅದು ಸುಮ್ಮನೆಯೂ ಕಾದಿರುತ್ತದೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನಿಗೆ ಇಷ್ಟೂ ತಿಳಿಯದೆ?

ಮುಚ್ಚಳ ತಿರುಗಿಸಿದರೆ ಬುಸ್ಸೆಂದು ನೀರು ಉಕ್ಕಿ ಚೆಲ್ಲುತ್ತಿತ್ತು. ಅವನು ನೆಲ ಒರೆಸಿ, ಸಮಾಧಾನದಿಂದ ಚಹಾ ಕುಡಿಯುತ್ತಿದ್ದ. ಆ ಸಮಾಧಾನಕ್ಕೆ ಊಟದವರೆಗೆ ಮಾತ್ರ ಆಯಸ್ಸು.

"ಬೆಳಿಗ್ಗೆ ಮತ್ತೆ ನೀರು ಕಮ್ಮಿ ಇತ್ತು ಕಣ್ರೀ. ಪಾಪ, ವೀರೇಶ್ ಸರ್ ಮನೆಯಿಂದ ತಂದು ಹಾಕಿದ್ರು" ಎಂದು ಅವಳು ಅನ್ನ ಬಡಿಸುತ್ತಾ ಹೇಳುತ್ತಿದ್ದಳು.

ಪಾಪವಂತೆ! ಮದುವೆಯಾದಾಗಿನಿಂದ ತನ್ನನ್ನು ಒಮ್ಮೆಯೂ ಪಾಪ ಅಂದವಳಲ್ಲ. ತಾನು ಚೆಲ್ಲಿದ್ದನ್ನು ಇನ್ನೊಬ್ಬ ತುಂಬಿ ಒಳ್ಳೆಯವನಾಗುತ್ತಿದ್ದ. ಮರುದಿನ ಸಂಜೆ ಮಾಲತೇಶ್ ಟವೆಲ್ ಹಿಡಿದು ಮತ್ತೆ ಹೊರಗೆ ಬರುತ್ತಿದ್ದ.

"ಬಿಚ್ಲಾ ಸಾರ್?" ಅಮೀರ್ ಜಾನ್ ಕೇಳಿದ.

"ಬಿಚ್ಚಿಸ್ರಿ ಅತ್ಲಾಗೆ" ಎಂದಳು ಶಾಲೆಗೆ ಹೊರಟು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಮೀನಾಕ್ಷಿ, ಗಡಿಯಾರ ನೋಡುತ್ತಾ. "ವೀರೇಶ್ ಸರ್‌ಗೆ ಫೋನ್ ಮಾಡೀನಿ, ಬೈಕ್ ತರ್ತಾರೆ."

"ಬಸ್ ಐತಲ್ಲ."

"ಅಷ್ಟೊತ್ತಿಗೆ ಪ್ರೇಯರ್ ಮುಗಿದಿರ್ತೈತೆ."

ಒಂದು ಮಾತು ಸಾಕಿತ್ತು. ಬಿಚ್ಚಬೇಡ, ಮುಚ್ಚಳ ತೆಗೆಯುವವನು ನಾನೇ. ಅವಳು ಕಾರಿನಲ್ಲೇ ಹೋಗುತ್ತಿದ್ದಳು. ಆದರೆ ಯಾಕೆ ತೆಗೆಯುತ್ತೀರಿ ಎಂದು ಕೇಳಿದರೆ?

ವೀರೇಶ ಬಂದು ನಮಸ್ಕಾರ ಮಾಡಿದ. ಮೀನಾಕ್ಷಿ ಸೆರಗು ಸಿಕ್ಕಿಸಿಕೊಂಡು ಅಡ್ಡಡ್ಡ ಕೂತಳು. ಹಿಡಿದದ್ದು ಹಿಂದಿನ ಕಂಬಿಯನ್ನು, ಭುಜವನ್ನಲ್ಲ. ತಿರುವಿನಾಚೆ ಏನು ಹಿಡಿದಳೋ ಕಾಣಲಿಲ್ಲ.

"ಬಿಚ್ಚಪ್ಪ" ಎಂದ ಮಾಲತೇಶ್.

ಕಾಲೇಜಿಗೆ ರಜೆ ಹಾಕಿ ದಿನವಿಡೀ ಗ್ಯಾರೇಜಿನಲ್ಲೇ ಕೂತ. ಗ್ಯಾಸ್ಕೆಟ್ ಹರಿದಿರಲಿ ಎಂದು ದೇವರಲ್ಲಿ ಬೇಡಿಕೊಂಡ. ಹರಿದಿದ್ದರೆ ತಾನು ಬಚಾವ್. ಸಂಜೆಯ ಹೊತ್ತಿಗೆ ಎಂಜಿನ್ನಿನ ತಲೆ ಗೋಣಿಚೀಲದ ಮೇಲೆ ಮಲಗಿತ್ತು. ಅಮೀರ್ ಜಾನ್ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದ.

"ಚಿನ್ನದಂಗೈತೆ ಸಾರ್. ಸುಮ್ನೆ ಬಿಚ್ಚಿಬಿಟ್ವಿ."

"ಜೋಡಿಸಿದ್ರೆ ಮೊದಲಿನಂಗೆ ಆಗ್ತೈತಾ?"

"ಜೋಡಿಸ್ತೀನಿ. ಮೊದಲಿನಂಗೆ ಅಂತ ಹೆಂಗೆ ಹೇಳ್ಲಿ?"

ಶಾಲೆ ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಬೈಕು ಬಂತು. ಮೀನಾಕ್ಷಿ ಇಳಿದಳು. "ಏನ್ ಸಿಕ್ತು?"

"ಏನೂ ಇಲ್ಲಕ್ಕಾ, ಎಲ್ಲಾ ಸರಿ ಐತೆ" ಎಂದ ಅಮೀರ್ ಜಾನ್.

ವೀರೇಶ ಬೈಕಿಗೆ ಸ್ಟ್ಯಾಂಡ್ ಹಾಕಿ, ಬಿಚ್ಚಿಟ್ಟ ಎಂಜಿನ್ ನೋಡಲು ಹೋದ. ಮಾಲತೇಶ್ ಯಾವಾಗ ಬೈಕಿನ ಹತ್ತಿರ ಬಂದನೋ ಅವನಿಗೇ ತಿಳಿಯಲಿಲ್ಲ. ಬಗ್ಗಿ, ಅದರ ಎಂಜಿನ್ನಿಗೆ ಅಂಗೈ ಇಟ್ಟ. ಅಂಗಿಯ ತೋಳು ಮೇಲೆ ಸರಿಯಿತು.

ಮೀನಾಕ್ಷಿ ಅವನ ಕೈ ನೋಡಿದಳು. ಮಣಿಕಟ್ಟಿನ ಗಾಯ ನೋಡಿದಳು. ಆಮೇಲೆ ಗೋಣಿಚೀಲದ ಮೇಲಿದ್ದುದನ್ನು ನೋಡಿದಳು.

"ರೀ, ಕುಕ್ಕರ್ ಹಬೆ ತಾಗ್ತು ಅಂದಿದ್ರಲ್ಲ?"

ಬೈಕಿನ ಎಂಜಿನ್ ಬಿಸಿಯಾಗಿತ್ತು. ನೇರ ಬಂದ ಬಿಸಿಯೋ, ನಡುವೆ ಎಲ್ಲೋ ನಿಂತು ಆರಿದ ಬಿಸಿಯೋ ಹೇಳುವಂತಿರಲಿಲ್ಲ. ಅಂಗೈ ಸುಡುತ್ತಿತ್ತು. ಇನ್ನೊಂದು ಕ್ಷಣ ಇಟ್ಟರೆ ತಿಳಿದೀತೆಂದು ಇಟ್ಟುಕೊಂಡೇ ಇದ್ದ.