ಮೊಣಕಾಲಿಗೆ ಹಚ್ಚಿದ ಎಣ್ಣೆ

ನಾನು ಗದಗಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಟ್ರಾನ್ಸ್‌ಫಾರ್ಮರ್. ಅಲ್ಲಿಯ ಜನ ನನ್ನನ್ನು ಟಿಸಿ ಎನ್ನುತ್ತಿದ್ದರು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ತಾಮ್ರದ ಸುರುಳಿಗಳನ್ನು ಕಬ್ಬಿಣದ ಹೊಟ್ಟೆಯೊಳಗೆ ಕೂರಿಸಿ, ಕಾವು ತಣಿಸಲು ಎಣ್ಣೆ ತುಂಬಿದರು. ಅದು ಬೆಂಕಿಗೆ ಜಗ್ಗುವುದಿಲ್ಲ, ಎಷ್ಟು ವರ್ಷವಾದರೂ ಕೆಡುವುದಿಲ್ಲ ಎಂದು ತಯಾರಿಸಿದವರು ಹೊಗಳುತ್ತಿದ್ದರು. ಮಿಲ್ಲಿನ ತುಂಬ ಹತ್ತಿಯ ರಾಶಿ, ಒಂದು ಕಿಡಿ ಹಾರಿದರೆ ಎಲ್ಲವೂ ಬೂದಿ. ಅದಕ್ಕೇ ಮಾಲೀಕರು ನನ್ನನ್ನು ತರಿಸಿದ್ದರು. ನನಗೂ ಹೆಮ್ಮೆಯಿತ್ತು.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಮಿಲ್ಲಿನ ಎಲೆಕ್ಟ್ರಿಷಿಯನ್ ಮೌಲಾಸಾಬ ನದಾಫ. ದಿನಾ ಬೆಳಿಗ್ಗೆ ಮೈಮೇಲಿನ ಹತ್ತಿಯ ಧೂಳು ಒರೆಸುತ್ತಿದ್ದ. ಕೆಲವು ವರ್ಷಗಳಲ್ಲಿ ನನ್ನ ಎಣ್ಣೆ ಬಸಿಯುವ ನಲ್ಲಿಯ ವಾಷರು ಸವೆದು ಎಣ್ಣೆ ತೊಟ್ಟಿಕ್ಕತೊಡಗಿತು. ಅವನು ಕೆಳಗೊಂದು ಡಬ್ಬಿ ಇಟ್ಟ.

ಒಂದು ದಿನ ದ್ಯಾಮವ್ವ ಬಂದಳು. ಇಡೀ ದಿನ ನಿಂತು ಯಂತ್ರಕ್ಕೆ ಹತ್ತಿ ಉಣಿಸುವವಳು, ಅವಳ ಮೊಣಕಾಲು ಬಾತಿತ್ತು.

"ತಮ್ಮಾ, ಆ ಎಣ್ಣಿ ಒಂದೀಟು ಕೊಡೋ. ಹಚ್ಚಿದ್ರ ನೋವು ಇಳಿತೈತಂತ."

ಅವನು ಕೊಟ್ಟ. ಮರುವಾರ ನಾಲ್ವರು ಹೆಂಗಸರು ಬಂದರು, ಆಮೇಲೆ ಮಿಲ್ಲಿನ ಹಿಂದಿನ ಓಣಿಯ ಹೆಂಗಸರೆಲ್ಲ ಬಂದರು. ಔಷಧಿ ಕೊಡುವ ಮೌಲಾಸಾಬ ಎಂದು ಅವನಿಗೆ ಹೆಸರಾಯಿತು. ಮದುವೆಮನೆಯಲ್ಲಿ ಜನ ಸರಿದು ಜಾಗ ಮಾಡಿಕೊಡುತ್ತಿದ್ದರಂತೆ. ಡಬ್ಬಿ ತುಂಬದಿದ್ದರೆ ಅವನೇ ನಲ್ಲಿ ತಿರುವುತ್ತಿದ್ದ. ಕಡಿಮೆಯಾದದ್ದನ್ನು ಗೋದಾಮಿನ ಪೀಪಾಯಿಯಿಂದ ತಂದು ತುಂಬುತ್ತಿದ್ದ.

ಒಂದು ಬೇಸಿಗೆ ಅವನ ಅಂಗೈ, ಮುಂಗೈಗೆಲ್ಲ ಗುಳ್ಳೆ ಎದ್ದವು. ದವಾಖಾನೆಗೆ ಹೋಗಿ ಬಂದವನು ಸಂಗಡಿಗನಿಗೆ ನನ್ನೆದುರೇ ಹೇಳಿದ: "ಡಾಕ್ಟರು ಈ ಎಣ್ಣಿ ಮುಟ್ಟಬ್ಯಾಡ ಅಂದಾರ."

ಮರುದಿನದಿಂದ ರಬ್ಬರಿನ ಕೈಗವಸು ಹಾಕಿಕೊಂಡ. ಎಣ್ಣೆ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಡಾಕ್ಟರ ಮಾತನ್ನು ಯಾವ ಹೆಂಗಸಿಗೂ ಹೇಳಲಿಲ್ಲ. ಆ ಕೈಗವಸನ್ನು ನಾನು ಹನ್ನೊಂದು ವರ್ಷ ನೋಡಿದೆ.

ಮಿಲ್ಲು ಮುಚ್ಚಿತು. ನಾನು ಅಂಗಳದಲ್ಲೇ ತುಕ್ಕು ಹಿಡಿದೆ. ಮೌಲಾಸಾಬ ಮುದುಕನಾಗಿ ಕಾವಲಿಗೆ ಉಳಿದ. ಆಗ ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆ ಪರೀಕ್ಷಿಸುತ್ತಿದ್ದ ಸುಹಾಸಿನಿ ಎಂಬ ವಿಜ್ಞಾನಿ ಧಾರವಾಡದಿಂದ ಬಂದು, ಸಣ್ಣ ಸೀಸೆಯಲ್ಲಿ ನನ್ನ ಎಣ್ಣೆ ಒಯ್ದರು. ಹದಿನೈದು ದಿನ ಬಿಟ್ಟು ಮತ್ತೆ ಬಂದರು.

"ಅಜ್ಜಾರ, ಇದು ವಿಷ ಐತ್ರಿ. ಮಣ್ಣಾಗ ಬಿದ್ರ ಕರಗೂದಿಲ್ಲ, ಮೈಯಾಗ ಹೊಕ್ಕರ ಕೊಬ್ಬಿನಾಗ ಕುಂದ್ರತೈತಿ. ಇಂಥವನ್ನ ಜಗತ್ತಿನಿಂದನ ತೆಗೀಬೇಕಂತ ದೇಶಗಳು ಕೂಡಿ ಒಪ್ಪಂದ ಮಾಡಿ ಒಂದು ಪಟ್ಟಿ ಹಾಕ್ಯಾವ, ಈ ಎಣ್ಣಿ ಅದರಾಗ ಐತಿ. ಈಗ ಇದರಂಥದ ಇನ್ನೊಂದು ವಿಷ ಆ ಪಟ್ಟಿಗೆ ಸೇರಬೇಕು. ಕೆಲವರು ಬ್ಯಾಡ ಅಂತ ಹಟ ಹಿಡಿದಾರ. ಮುಂದಿನ ತಿಂಗಳ ಸಭೆಯಾಗ ನಾ ಮಾತಾಡಬೇಕು. ಇಂಥ ವಿಷ ಮಂದಿಗೆ ಏನ ಮಾಡತೈತಿ ಅಂತ ತೋರ್ಸಾಕ ನನ್ನ ಹಂತೇಕ ಬರೇ ಅಂಕಿ ಅದಾವ, ಮನುಷ್ಯಾರ ಮಾತಿಲ್ಲ. ಈ ಎಣ್ಣಿ ಯಾರರ ಒಯ್ದಿದ್ರೇನ್ರಿ?"

"ಯಾರೂ ಒಯ್ದಿಲ್ರೀ," ಎಂದ ಮೌಲಾಸಾಬ.

ಅವರು ಹೋದ ಮೇಲೆ ನನ್ನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅಂಗೈ ನೋಡಿಕೊಂಡ. ನನಗೆ ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ. ಅಥವಾ ನಾನೂ ಅವನ ಹಾಗೆಯೇ ಸುಮ್ಮನಿರುತ್ತಿದ್ದೆನೋ ಏನೋ.

ಎರಡು ದಿನದ ನಂತರ ಅವನೇ ಸುಹಾಸಿನಿಯವರನ್ನು ಕರೆಸಿದ. ಓಣಿಗೆ ಹೋಗಿ, ಎಣ್ಣೆ ವಿಷವೆಂದು ದ್ಯಾಮವ್ವನಿಗೆ ತಿಳಿಸಿ ಅವಳನ್ನೂ ಕರೆತಂದ. ಅವಳ ಕೆನ್ನೆಯ ಮೇಲೆ, ಎಣ್ಣೆ ಹಚ್ಚತೊಡಗಿದ ಮೇಲೆ ಎದ್ದು ವರ್ಷಗಳಿಂದ ಮಾಯದ ಕಪ್ಪು ಗುಳ್ಳೆಗಳಿದ್ದವು.

"ಸುಳ್ಳ ಹೇಳಿದೆ, ಮೇಡಂ. ಇಡೀ ಓಣಿಗೆ ಕೊಟ್ಟೇನಿ. ನನ್ನ ಕೈಗೆ ಗುಳ್ಳಿ ಎದ್ದಿದ್ವು, ಡಾಕ್ಟರು ಮುಟ್ಟಬ್ಯಾಡ ಅಂದಿದ್ರು. ನಾ ಮುಟ್ಟಲಿಲ್ಲ. ಇವರಿಗೆ ಕೊಟ್ಟೆ." ಅವನು ದ್ಯಾಮವ್ವನತ್ತ ತಿರುಗಿದ. "ಮಂದಿ ದೊಡ್ಡಾಂವ ಅಂತಿದ್ರು. ಅದನ್ನ ಬಿಡಾಕ ಆಗಲಿಲ್ಲ."

ದ್ಯಾಮವ್ವ ಅವನನ್ನೇ ನೋಡಿದಳು. "ಕೈಗೆ ರಬ್ಬರ ಹಾಕ್ಕೊಂಡಿದ್ದು ನಾ ನೋಡಿದ್ನೆಪಾ. ಕೈ ಜಿಡ್ಡ ಆಗಬಾರದಂತ ಹಾಕ್ಕೊಂಡಾನ ಅಂದ್ಕೊಂಡೆ."

ಆಮೇಲೆ ಸುಹಾಸಿನಿಯವರತ್ತ ತಿರುಗಿ ಕೇಳಿದಳು: "ಯವ್ವಾ, ಹಾಲಿನಾಗೂ ಬರತೈತೇನು? ಈ ಎಣ್ಣಿ ಹಚ್ಚಿಕೋತನ ಮೂರು ಕೂಸಿಗೆ ಮೊಲಿ ಉಣಿಸೇನಿ ನಾ."

ಸುಹಾಸಿನಿ ಅವಳ ಕೈ ಹಿಡಿದುಕೊಂಡರು. "ಬರತೈತವ್ವ," ಎಂದಷ್ಟೇ ಹೇಳಿದರು.

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರ ಬರ್ಕೋರಿ. ನನ್ನ ಹೆಸರು ಹಾಕ್ರಿ. ಇಂವ ರಬ್ಬರ ಹಾಕ್ಕೊಂಡಿದ್ದೂ ಹಾಕ್ರಿ."

ಮೌಲಾಸಾಬ ಹೇಳುತ್ತ ಹೋದ, ಅವರು ಬರೆದುಕೊಂಡರು. ಎಣ್ಣೆ ಒಯ್ದ ಮೂವತ್ತೇಳು ಹೆಂಗಸರ ಹೆಸರು ಅವನಿಗೆ ಬಾಯಿಪಾಠವಿತ್ತು.

ಆ ಹೇಳಿಕೆಯನ್ನು ದೂರದೇಶದ ಸಭೆಯಲ್ಲಿ ಓದಿದರಂತೆ. ಎರಡು ದಿನ ವಾದ ನಡೆದು ಕೊನೆಗೆ ಹೊಸ ವಿಷವೂ ಪಟ್ಟಿಗೆ ಸೇರಿತಂತೆ. ನನ್ನನ್ನು ಒಯ್ಯಲು ಲಾರಿ ಬಂದ ದಿನ ದ್ಯಾಮವ್ವ ಗೇಟಿನ ಬಳಿ ನಿಂತಿದ್ದಳು. ಮೌಲಾಸಾಬ ಸುದ್ದಿ ಹೇಳಿದ.

"ಅಕ್ಕಾ, ಆ ಹೊಸ ವಿಷಾನೂ ಇನ್ನ ಯಾವ ದೇಶದಾಗೂ ಮಾಡಂಗಿಲ್ಲಂತ."

"ಚಲೋ ಆತು," ಎಂದಳು. ಇನ್ನೇನಾದರೂ ಹೇಳುತ್ತಾಳೆಂದು ಅವನು ಕಾದ. ಅವಳು ಮನೆಯ ಕಡೆ ನಡೆದಳು.

ಈಗ ನಾನು ಬೀಗ ಹಾಕಿದ ಒಂದು ಶೆಡ್ಡಿನಲ್ಲಿದ್ದೇನೆ. ನನ್ನ ಎಣ್ಣೆಯನ್ನು ಬಸಿದು ಡ್ರಮ್ಮುಗಳಲ್ಲಿ ಮೊಹರು ಮಾಡಿದ್ದಾರೆ. ಅತಿ ಕಾವಿನ ಕುಲುಮೆಯಲ್ಲಿ ಅದನ್ನು ನಾಶ ಮಾಡುತ್ತಾರಂತೆ. ನನ್ನಂಥವು ಇನ್ನು ಹುಟ್ಟುವುದಿಲ್ಲ ಎಂಬುದೊಂದೇ ಸಮಾಧಾನ. ಡ್ರಮ್ಮು ತುಂಬುವಾಗ ಅಳೆದು, ನನ್ನದೂ ಗೋದಾಮಿನ ಪೀಪಾಯಿಯದೂ ಸೇರಿದ ಒಟ್ಟು ಎಣ್ಣೆಯಲ್ಲಿ ಇಷ್ಟು ಕಡಿಮೆಯಿದೆ ಎಂದು ಬರೆದುಕೊಂಡರು. ಆ ಕಡಿಮೆ ಬಿದ್ದದ್ದು ಎಲ್ಲಿದೆ ಎಂದು ನನಗೆ ಗೊತ್ತು. ಅದಕ್ಕೆ ಮೂವತ್ತೇಳು ಹೆಸರುಗಳಿವೆ, ಆ ಹೆಂಗಸರು ಹಾಲೂಡಿದ ಮಕ್ಕಳ ಹೆಸರುಗಳನ್ನು ಯಾರೂ ಇನ್ನೂ ಬರೆದಿಲ್ಲ.