ಪರೀಕ್ಷೆಯ ಪೆಟ್ಟಿಗೆ

ನಾನು ಎರಡು ಹಾರ್ಡ್ ಡಿಸ್ಕುಗಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಕಪ್ಪು ಪೆಟ್ಟಿಗೆ. ಒಂದು ಕಚೇರಿಯ ಕಂಪ್ಯೂಟರುಗಳೆಲ್ಲ ತಮ್ಮ ಕಡತಗಳನ್ನು ನನ್ನೊಳಗೆ ಇಡುತ್ತವೆ, ಬೇಕಾದಾಗ ತಂತಿಯ ಮೂಲಕ ಕೇಳಿ ಪಡೆಯುತ್ತವೆ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಕೊನೆಯ ತಿರುಪು ಬಿಗಿದಳು. ಅದಕ್ಕೂ ಮೊದಲು ಉಗುರಿನಷ್ಟಿರುವ ಒಂದು ಚಿಪ್‌ನಲ್ಲಿ ನನ್ನ ಫರ್ಮ್‌ವೇರ್, ಅಂದರೆ ನನ್ನನ್ನು ನಡೆಸುವ ಬರಹ, ತುಂಬಿದ್ದರು. ಹೇಗೆ ಏಳಬೇಕು, ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ತೆರೆಯಬಾರದು ಎಂದು ನನಗೆ ಹೇಳಿಕೊಡುವುದು ಅದೇ. ಅದು ಕೆಟ್ಟರೆ ನಾನು ಬರೀ ತಗಡು.

ವಿಜಯಪುರದ ಡಾ. ಶಕುಂತಲಾ ಬಿದರಿಯವರ ಸ್ಕ್ಯಾನ್ ಸೆಂಟರಿನಲ್ಲಿ, ಮೇಜಿನ ಕೆಳಗೆ ನನಗೆ ಜಾಗ ಸಿಕ್ಕಿತು. ಅಲ್ಲಿಂದ ಕಾಣುತ್ತಿದ್ದುದು ಕಾಲುಗಳು ಮಾತ್ರ. ಡಾಕ್ಟರರ ಅವಸರದ ಚಪ್ಪಲಿ, ರೋಗಿಗಳ ಧೂಳು ಹಿಡಿದ ಹಿಮ್ಮಡಿ, ಎಕ್ಸ್‌ರೇ ತೆಗೆಯುವ ಮೈಮೂನಾ ನದಾಫಳ ಬಿಳಿ ಬೂಟು. ಊರಿನ ಮುರಿದ ಎಲುಬು, ಕಫ ಕಟ್ಟಿದ ಎದೆ, ಇನ್ನೂ ಹುಟ್ಟದ ಕೂಸು, ಎಲ್ಲದರ ಚಿತ್ರಗಳೂ ನನ್ನೊಳಗೆ ಬಂದು ಕೂತವು.

ಮೂರನೆಯ ವರ್ಷ ನನ್ನನ್ನು ಮಾಡಿದ ಕಂಪನಿ ಕೈಬಿಟ್ಟಿತು. ಈ ಮಾದರಿಗೆ ಇನ್ನು ಹೊಸ ಫರ್ಮ್‌ವೇರ್ ಇಲ್ಲ ಎಂದು ಒಂದೇ ಸಾಲು ಬರೆಯಿತು. ಮೈಮೂನಾ ಸುಮ್ಮನಿರಲಿಲ್ಲ. ನನ್ನಂಥ ಅನಾಥ ಪೆಟ್ಟಿಗೆಗಳಿಗಾಗಿ ದೇಶದೇಶದ ಜನ ಸೇರಿ ತಾವೇ ಫರ್ಮ್‌ವೇರ್ ಬರೆಯುತ್ತಿದ್ದುದನ್ನು ಅವಳು ಹುಡುಕಿ ತೆಗೆದಳು. ಅದು ಎಲ್ಲರಿಗೂ ತೆರೆದಿಟ್ಟ ಬರಹ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರ ಭಾರವನ್ನೆಲ್ಲ ಹೊತ್ತವನು ಹೆನ್ರಿಕ್ ಎಂಬ ಮುದುಕ. ಅವನ ಮುಖವನ್ನು ಮೈಮೂನಾ ನೋಡಿದ್ದೇ ಇಲ್ಲ. ಅವನ ಫರ್ಮ್‌ವೇರಿನಲ್ಲಿ ನಾನು ಇನ್ನೂ ನಾಲ್ಕು ವರ್ಷ ಬದುಕಿದೆ. ಪ್ರಶ್ನೆ ಕೇಳಿ ಕೇಳಿ ಮೈಮೂನಾ ಆ ಕೆಲಸದ ಅರ್ಧವನ್ನು ಕಲಿತಳು.

ಆಮೇಲೆ ಒಂದು ಬೆಳಿಗ್ಗೆ ಹೆನ್ರಿಕ್‌ನ ಸಂದೇಶ ಬಂತು. ಫರ್ಮ್‌ವೇರಿನಲ್ಲಿ ಒಂದು ತೂತು ಸಿಕ್ಕಿದೆ, ಕಳ್ಳರು ಅದರೊಳಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಿದ್ದಾರೆ. "ತಿದ್ದುಪಡಿ ಬರೆದಿದ್ದೇನೆ. ಆದರೆ ಈ ಮಾದರಿಯ ಪೆಟ್ಟಿಗೆ ನನ್ನ ಬಳಿ ಇಲ್ಲ. ಪರೀಕ್ಷೆ ಮಾಡದೆ ಬಿಟ್ಟರೆ ಎಲ್ಲರ ಪೆಟ್ಟಿಗೆಗಳೂ ಒಟ್ಟಿಗೆ ಸಾಯಬಹುದು. ನನ್ನ ಕಣ್ಣು ಹೋಗುತ್ತಿದೆ. ಈ ತಿಂಗಳ ಕೊನೆಗೆ ನಾನು ನಿಲ್ಲಿಸುತ್ತೇನೆ."

ಸುದ್ದಿ ಕೇಳಿದ ಡಾಕ್ಟರರು ಬಂದವರೇ ನನ್ನ ನೆಟ್ ತಂತಿ ಕಿತ್ತರು. "ಒಗಿ ಇದನ್ನ. ನಾಳೆನ ಹೊಸಾದು ತರಸ್ತೀನಿ."

"ನಮಗ ಹೊಸಾದು ಬರತೈತ್ರಿ ಮೇಡಂ," ಮೈಮೂನಾ ಫೋನು ಮುಂದೆ ಹಿಡಿದಳು. "ಇಲ್ಲಿ ನೋಡ್ರಿ. ಯಾವುದೋ ಗುಡ್ಡದ ಊರಿನ ಹೆರಿಗಿ ಆಸ್ಪತ್ರಿ ನರ್ಸ್ ಬರದಾಳ. ಅವರ ಕಡೆನೂ ಇಂಥಾದ ಪೆಟ್ಟಿಗಿ ಐತಿ. ಅವರ ಡಾಕ್ಟರು ಇರೋದು ದೂರದಾಗ, ಬಸುರಿ ಹೆಣ್ಮಕ್ಕಳ ಸ್ಕ್ಯಾನ್ ಅಲ್ಲಿಂದನ ನೋಡತಾರಂತ. ತಂತಿ ಕಿತ್ತರ ನೋಡವರು ಯಾರೂ ಇಲ್ಲ. ಅವರಿಗೆ ಹೊಸಾದು ಯಾರು ತರಸ್ತಾರ್ರಿ?"

ಡಾಕ್ಟರರ ಚಪ್ಪಲಿ ಬಾಗಿಲ ಕಡೆ ತಿರುಗಿತು. "ಚಿತ್ರ ಎಲ್ಲಾ ಬ್ಯಾರೆ ಕಡೆ ತಗದಿಡು. ಆಮ್ಯಾಲೆ ಇದು ನಿಂದು. ಏನರ ಮಾಡ್ಕೋ."

ಭಾನುವಾರ ಮಧ್ಯಾಹ್ನ ಮೈಮೂನಾ ತನ್ನ ಮನೆಯಲ್ಲಿ ನನ್ನ ಡಿಸ್ಕುಗಳನ್ನು ಹೊರಗೆ ತೆಗೆದಳು. ಕರೆಂಟು ನಂಬುವ ಹಾಗಿರಲಿಲ್ಲ. ಇನ್ವರ್ಟರಿಗೆ ಸಿಕ್ಕಿಸಿ ಹೆನ್ರಿಕ್‌ನ ತಿದ್ದುಪಡಿಯನ್ನು ನನಗೆ ಹಾಕಿದಳು. ಅರ್ಧ ದಾರಿಯಲ್ಲಿ ಹಳೆಯದು ಅಳಿಸಿಹೋಗಿತ್ತು, ಹೊಸದು ಇನ್ನೂ ಪೂರ್ತಿ ಬಂದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಯಾರೂ ಆಗಿರಲಿಲ್ಲ. ಕೆಂಪು ದೀಪ ಹತ್ತಿತು. ಮತ್ತೇನೂ ಆಗಲಿಲ್ಲ.

ಮೈಮೂನಾ ಗೋಡೆಗೆ ಒರಗಿ ಕೂತಳು. ಅವಳ ಗಂಡ ದಸ್ತಗೀರ ಗಡಿಯಾರ ರಿಪೇರಿ ಮಾಡುವವನು. ಬಂದು ಬಗ್ಗಿ ನೋಡಿದ.

"ಸತ್ತೈತಿ ಏನು?"

"ಒಳಗ ನಾಕು ಸಣ್ಣ ಚುಕ್ಕಿ ಅದಾವ. ಅಲ್ಲಿ ತಂತಿ ಬೆಸದ್ರ ಏನಾಗೇತಿ ಅಂತ ಅದ ಹೇಳತೈತಿ. ಅಷ್ಟು ಸಣ್ಣ ಬೆಸುಗಿ ನನಗ ಬರಂಗಿಲ್ಲ."

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಕಾದ ಬೆಸುಗೆ ಕಡ್ಡಿ ನನ್ನ ಚಿಪ್‌ನ ಪಕ್ಕಕ್ಕೇ ಬಂತು. ಕೂದಲೆಳೆಯಷ್ಟು ಜಾರಿದ್ದರೂ ನಾನು ಮುಗಿಯುತ್ತಿದ್ದೆ. "ಫ್ಯಾನ್ ಆರಿಸು," ಎಂದ. ಅವನ ಬೆವರು ಮೂಗಿನ ತುದಿಗೆ ಬಂದು ನಿಂತಿತು, ಬೀಳಲಿಲ್ಲ. ನಾಲ್ಕೂ ತಂತಿ ಕೂತವು.

ನಾನು ಏಳಲು ಹೋಗಿ ಎಲ್ಲಿ ಬಿದ್ದೆನೆಂಬುದು ಲ್ಯಾಪ್‌ಟಾಪಿನ ಮೇಲೆ ಸಾಲುಸಾಲಾಗಿ ಮೂಡಿತು. ಮೈಮೂನಾ ಒಂದೊಂದೇ ಸಾಲು ಓದಿದಳು. ಒಂದು ಕಡೆ ಅವಳ ಬೆರಳು ನಿಂತಿತು. ನನ್ನ ಮೆಮೊರಿ ಇದ್ದುದಕ್ಕಿಂತ ಎರಡು ಪಟ್ಟು ಎಂದು ಹೆನ್ರಿಕ್ ಬರೆದಿದ್ದ. ಕಣ್ಣು ಕಾಣದವನ ಒಂದು ಅಂಕಿಯ ತಪ್ಪು. ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಆ ನರ್ಸಿನ ಪೆಟ್ಟಿಗೆಯೂ ನನ್ನ ಹಾಗೆಯೇ ಬೀಳುತ್ತಿತ್ತು. ಅಲ್ಲಿ ಬೆಸುಗೆ ಹಾಕಲು ಯಾರಿದ್ದರು?

ಅಂಕಿ ತಿದ್ದಿ ಆ ತಂತಿಗಳ ಮೂಲಕವೇ ಮತ್ತೆ ಹಾಕಿದಳು. ಹಸಿರು ದೀಪ ಬಂದಾಗ ದಸ್ತಗೀರನೇ ಮೊದಲು ಉಸಿರು ಬಿಟ್ಟ.

ತಪ್ಪು ಯಾರದೆಂದು ಬರೆಯದೆ, ಏನನ್ನು ತಿದ್ದಿದೆ ಎಂದಷ್ಟೇ ಮೈಮೂನಾ ಎಲ್ಲರಿಗೂ ಬರೆದು ಕಳಿಸಿದಳು. ಮೂರನೆಯ ದಿನ ನರ್ಸಿನ ಉತ್ತರ ಬಂತು: "ನಮ್ಮದು ಎದ್ದಿದೆ." ಫರ್ಮ್‌ವೇರ್ ನೋಡಿಕೊಳ್ಳುವವರು ಯಾರು ಎಂಬಲ್ಲಿ ಹೆನ್ರಿಕ್ ತನ್ನ ಹೆಸರಿನ ಜಾಗದಲ್ಲಿ ಮೈಮೂನಾಳ ಹೆಸರು ಹಾಕಿ ಹೊರಟುಹೋದ.

ಆಮೇಲೆ ಆ ಕೆಲಸವನ್ನು ಐದು ಜನ ಹಂಚಿಕೊಂಡರು. ಅವರಲ್ಲಿ ಇಬ್ಬರ ಸುದ್ದಿ ಆರು ತಿಂಗಳಿಂದ ಇಲ್ಲ. ಎಷ್ಟು ದಿನ ನಡೆದೀತು, ಯಾರೂ ಹೇಳಲಾರರು. ನನ್ನ ಹೊಟ್ಟೆ ಈಗ ಖಾಲಿ. ಕಿಟಕಿಯ ಕಟ್ಟೆಯ ಮೇಲೆ ಮುಚ್ಚಳವಿಲ್ಲದೆ ಕೂತಿದ್ದೇನೆ. ಹೊಸದು ಏನು ಬಂದರೂ ಮೊದಲು ನನ್ನ ಮೇಲೆಯೇ. ಹನ್ನೊಂದು ಸಲ ಸತ್ತು ಎದ್ದಿದ್ದೇನೆ. ಚಿಪ್ ಸವೆದಿದೆ, ಹನ್ನೆರಡನೆಯ ಸಲದ ಭರವಸೆ ನನಗಿಲ್ಲ. ಚಿತ್ರಗಳನ್ನು ಕಾಯುತ್ತಿದ್ದಾಗ ನಾನು ಒಂದು ಊರಿನವನಾಗಿದ್ದೆ. ಈಗ ಹೆಸರು ತಿಳಿಯದ ಊರುಗಳಿಗಾಗಿ ಅಂಜುತ್ತೇನೆ.

ಇತ್ತೀಚೆಗೆ ಮೈಮೂನಾ ಈ ಕೆಲಸವನ್ನೆಲ್ಲ ಒಂದೊಂದೇ ಹೆಜ್ಜೆಯಾಗಿ ಕನ್ನಡದಲ್ಲಿ ಬರೆಯತೊಡಗಿದ್ದಾಳೆ. ಇಂದು ಬೆಳಿಗ್ಗೆ ದಸ್ತಗೀರ ಅದನ್ನು ನೋಡಿ ಕೇಳಿದ, "ಇದನ್ನ ಯಾರು ಓದತಾರ?"

"ಗೊತ್ತಿಲ್ಲ," ಎಂದಳು. "ನಾ ಕಲಿಯೂಮುಂದ ಇದು ಇದ್ದಿದ್ರ ನಾ ಓದತಿದ್ದೆ."

ಅಷ್ಟು ಹೇಳಿ, ಹೊಸ ತಿದ್ದುಪಡಿಯ ಪರೀಕ್ಷೆಗೆ ನನ್ನ ಸ್ವಿಚ್ಚು ಒತ್ತಿದಳು.